ತಿಪ್ಪಮ್ಮನ ಕೆಲಸಕ್ಕೆ ವೀಣಾ ಹಾಕಿದ ಕ್ರಿಯಾಪದ

ಮೊಳಕಾಲ್ಮೂರಿನ ಬಸ್ ನಿಲ್ದಾಣದ ಎದುರು ವೀಣಾ ಅವರದೊಂದು ಟೈಪಿಂಗ್ ಅಂಗಡಿ. ಚಳ್ಳಕೆರೆಯಲ್ಲಿ ಬಿ.ಎ. ಓದಿದ ಅವರಿಂದಲೇ ಊರಿನ ನೇಕಾರರು ಇಂಗ್ಲಿಷ್ ಮನವಿಗಳನ್ನು ಬರೆಸುತ್ತಾರೆ. ವಿಷಯ ಹೇಳುವುದು ತೆಲುಗಿನಲ್ಲಿ, ಮಧ್ಯೆ ಮಧ್ಯೆ ಕನ್ನಡದಲ್ಲಿ. ಹಳೇದು ತೆಗೆದು ಹೊಸದು ಬೇಕು ಎಂಬುದೇ ಬಹುಪಾಲು ಮನವಿಗಳ ಸಾರ. ಮಗ್ಗದ ಸವೆದ ಹಲಗೆಗೆ ರಿಪ್ಲೇಸ್, ಕಂಪ್ಯೂಟರಿಗೆ ಅಪ್‌ಗ್ರೇಡ್, ಹಳೆಯ ಆದೇಶವನ್ನು ಹೊಸದು ರದ್ದು ಮಾಡಿದ್ದರೆ ಸೂಪರ್‌ಸೀಡ್. ಬಂದವರು ಎಷ್ಟೇ ಆತುರದಲ್ಲಿದ್ದರೂ ವೀಣಾ ಒಂದು ಪ್ರಶ್ನೆ ಕೇಳುತ್ತಾರೆ: ಹಳೆಯದು ಏನಾಗುತ್ತದೆ? ಉತ್ತರ ಸಿಕ್ಕ ಮೇಲೆಯೇ ಕ್ರಿಯಾಪದ.

ಕಳೆದ ವರ್ಷ ನೇಕಾರರ ಸಂಘವೊಂದರ ಕಾರ್ಯದರ್ಶಿ ಮುರುಗೇಂದ್ರಪ್ಪ ಒಂದು ಯಂತ್ರಕ್ಕೆ ಅನುದಾನ ಕೇಳಲು ಬಂದರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದುದ್ದ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುವ ಕೆಲಸ. ಸಂಘದಲ್ಲಿ ಇದನ್ನು ಮಾಡುತ್ತಿದ್ದವರು ನಾಲ್ಕು ಹೆಂಗಸರು. ಹಿರಿಯವರು ವೀಣಾ ಅವರ ಅತ್ತೆ ತಿಪ್ಪಮ್ಮ. ಇದೇ ಕೆಲಸ ಮಾಡುವ ಯಂತ್ರ ಬಂದರೆ ನಾಲ್ವರಿಗೂ ಕೆಲಸವಿಲ್ಲ.

"ಅಪ್‌ಗ್ರೇಡ್ ಅಂತ ಹಾಕವ್ವ. ಕೇಳೋಕೂ ಚಂದ ಐತೆ," ಎಂದರು ಮುರುಗೇಂದ್ರಪ್ಪ.

ಕೆಚ್ಚುವವರು ಏನಾಗುತ್ತಾರೆಂದು ವೀಣಾ ಕೇಳಿದರು. ಸಂಘ ಅದನ್ನು ಮಾತಾಡಿಯೇ ಇರಲಿಲ್ಲ. ಅಪ್‌ಗ್ರೇಡ್ ಎಂದರೆ ಇದ್ದದ್ದೇ ಉತ್ತಮವಾಗುವುದು, ಇಲ್ಲಿ ಇದ್ದವರು ಹೋಗುತ್ತಾರೆ ಎಂದು ವಿವರಿಸಿದರು. ಹಂತಹಂತವಾಗಿ ತೆಗೆಯುವುದಕ್ಕೆ ಹೇಳುವ ಫೇಸ್ ಔಟ್ ಕೂಡ ನೆನಪಾಯಿತು. ಆದರೆ ಅದರಲ್ಲಿರುವ ನಿಧಾನ ಈ ಯೋಜನೆಯಲ್ಲಿ ಇರಲಿಲ್ಲ. ಕೊನೆಗೆ ರಿಪ್ಲೇಸ್ ಎಂದೇ ಟೈಪ್ ಮಾಡಿದರು.

"ಅತ್ತೆ ಮೇಲಿನ ಸಿಟ್ಟು ಇಂಗ್ಲಿಷ್‌ನಾಗೆ ತೀರಿಸ್ಕಂತೀಯೇನವ್ವ?"

"ಸಭೇಲಿ ಇದನ್ನ ಕನ್ನಡದಾಗೆ ಓದ್ರಿ ಅಣ್ಣ," ಎಂದರು ವೀಣಾ. ಆ ಸಂಜೆ ಮನೆಯಲ್ಲಿ ಅತ್ತೆಗೂ ವಿಷಯ ತಿಳಿಸಿದರು.

ಸಹಿಗೆ ಮೊದಲು ಮನವಿಯನ್ನು ಓದಿ ಹೇಳುವುದು ಸಂಘದ ವಾಡಿಕೆ. ಕೆಚ್ಚುವವರ ಬದಲು ಯಂತ್ರ ಎಂಬಲ್ಲಿ ಮುರುಗೇಂದ್ರಪ್ಪನವರ ದನಿ ತಗ್ಗಿತು. ಹಿಂದೆ ಕೂತಿದ್ದ ತಿಪ್ಪಮ್ಮ ಎದ್ದು, ಯಂತ್ರ ನಡೆಸುವವರು ಯಾರೆಂದು ವಿಚಾರಿಸಿದರು. ಹೊರಗಿನಿಂದ ಒಬ್ಬರನ್ನು ಕರೆಸುವ ಯೋಚನೆಯಿತ್ತು.

"ನಾವೇ ಕಲಿತೀವಿ. ಅದನ್ನೂ ಬರೆಸು."

"ಈ ವಯಸ್ಸಿಗಾ?"

"ನಿನಗಿಂತ ಎರಡೇ ವರ್ಷಕ್ಕೆ ದೊಡ್ಡೋಳು ಕಣಪ್ಪ. ನೀನಿನ್ನೂ ಕಾರ್ಯದರ್ಶಿ ಆಗೇ ಇದೀಯಲ್ಲ."

ಸಭೆ ನಕ್ಕಿತು. ಮನವಿ ಅಂಗಡಿಗೆ ಮರಳಿತು. ಈಗ ಕೆಚ್ಚುತ್ತಿರುವ ಹೆಂಗಸರಿಗೇ ಯಂತ್ರದ ತರಬೇತಿ ಕೊಡಬೇಕೆಂಬ ವಾಕ್ಯವನ್ನು ವೀಣಾ ರಿಪ್ಲೇಸ್ ಇದ್ದ ಸಾಲಿನ ಕೆಳಗೇ ಸೇರಿಸಿದರು.

ಈ ವರ್ಷ ಯಂತ್ರ ಬಂತು. ಮೂವರು ಕಲಿತು ಅದರಲ್ಲೇ ಕೆಲಸ ಮಾಡುತ್ತಿದ್ದಾರೆ. ತಿಪ್ಪಮ್ಮ ಕೆಲವು ದಿನ ಹೋಗಿ, ಸದ್ದು ತಡೆಯಲಾಗದೆ ಬಿಟ್ಟರು. ಮಧ್ಯಾಹ್ನ ಸೊಸೆಯ ಅಂಗಡಿಯಲ್ಲಿ ಕೂರುತ್ತಾರೆ. ಯಾರಾದರೂ ಹಳೇದು ತೆಗೆಯಬೇಕು ಎಂದು ಶುರುಮಾಡಿದರೆ, ವೀಣಾ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿರುತ್ತಾರೆ: "ಹಳೇದು ಏನಾಗ್ತೈತೆ?"