ದ್ಯಾಮವ್ವನ ಬೆನ್ನ ಹಿಂದೆ

ಆಗ ನಮಗೆ ಆಟದ ಬಯಲೆಂದರೆ ಕಟ್ಟುತ್ತಿದ್ದ ದ್ಯಾಮವ್ವನ ಗುಡಿಯೇ. ಗಜೇಂದ್ರಗಡದ ಕಡೆಯ ನಮ್ಮ ಸಣ್ಣ ಊರಲ್ಲಿ ಅಲ್ಲಿಯವರೆಗೆ ಗ್ರಾಮದೇವತೆ ಮಣ್ಣಿನ ಮಾಳಿಗೆಯ ಕೆಳಗೆ, ಎಣ್ಣೆಹೊಗೆಗೆ ಕಪ್ಪಾದ ನಾಲ್ಕು ಬೇವಿನ ಕಂಬಗಳ ನಡುವೆ ಕೂತಿದ್ದಳು. ಒಂದು ಮಳೆಗೆ ಗೋಡೆ ಕುಸಿಯಿತು. ಊರವರು ಕೂಡಿ ಸಿಮೆಂಟಿನ ಗುಡಿ ಕಟ್ಟಿಸಲು ನಿಂತರು. ಗರ್ಭಗುಡಿಗೆ ಕಾಂಕ್ರೀಟಿನ ಸ್ಲ್ಯಾಬು, ಅದರ ಮೇಲೆ ಇಟ್ಟಂಗಿಯ ಶಿಖರ. ಕಟ್ಟಿದವನು ಹುಸೇನಸಾಬ ಗೌಂಡಿ. ಮಕ್ಕಳಿಗೆಲ್ಲ ಅವನು ಮಾಮಾ.

ಶಿಖರ ಒಳಗೆ ಪೊಳ್ಳೆಂಬುದು ಆ ಬೇಸಿಗೆಯಲ್ಲಿ ನನಗೆ ಗೊತ್ತಾಯಿತು. ಅದರ ಮುಂಭಾಗದಲ್ಲಿ ದೇವಿಯ ಮೂರ್ತಿ ಕೂಡಿಸಲು ಒಂದು ಗೂಡು. ಗೂಡಿನ ಹಿಂದೆ, ಒಳಗಿನ ಹಲಗೆಗಳನ್ನು ತೆಗೆಯಲೆಂದು ಬಿಟ್ಟ ಕಿಂಡಿ. ಗೌಂಡಿಗಳು ರೊಟ್ಟಿ ಉಣ್ಣುತ್ತಿದ್ದಾಗ, ಕಣ್ಣಾಮುಚ್ಚಾಲೆ ಆಡುತ್ತಿದ್ದ ನಾನು ಏಣಿ ಹತ್ತಿ ಅದರೊಳಗೆ ನುಸುಳಿದೆ. ಒಂಬತ್ತು ವರ್ಷ ನನಗೆ. ಒಳಗೆ ಹಸಿ ಗಾರೆಯ ವಾಸನೆ, ನೀರಿನ ಗಡಿಗೆಯಂಥ ತಂಪು. ಯಾರೂ ಹುಡುಕಿ ಬರಲಿಲ್ಲ. ಕತ್ತಲ ಮೂಲೆಯಲ್ಲಿ ಹುರಿದ ಶೇಂಗಾ ತಿನ್ನುತ್ತ ಹಾಗೇ ನಿದ್ದೆ ಹೋದೆ.

ಏನೋ ಭಾರವಾದದ್ದು ಕೆರೆದ ಸದ್ದಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೂ ಕತ್ತಲು. ಕಿಂಡಿಯಿದ್ದಲ್ಲಿ ಕೈಯಾಡಿಸಿದರೆ ಒರಟು ಸಿಮೆಂಟು. ಹುಸೇನಸಾಬ ಕೆಳಗೆ ಸಿಮೆಂಟಿನಲ್ಲಿ ಮಾಡಿಟ್ಟಿದ್ದ ಮೂರ್ತಿಯನ್ನು ಹಗ್ಗದಿಂದ ಮೇಲೆಳೆದು ಗೂಡಿನಲ್ಲಿ ಕೂಡಿಸಿಬಿಟ್ಟಿದ್ದರು. ಅದರ ಬೆನ್ನು ನನ್ನ ದಾರಿಗೆ ಅಡ್ಡ ನಿಂತಿತ್ತು.

"ಅವ್ವಾ!" ಎಂದು ಚೀರಿದೆ. ಹೊರಗೆ ಮೈಕಿನಲ್ಲಿ ದೇವರ ಹಾಡು ಅಬ್ಬರಿಸುತ್ತಿತ್ತು. ನನ್ನ ದನಿ ಮೇಲೆ ಹೋಗಿ ಸುತ್ತಿ ನನ್ನ ತಲೆಯ ಮೇಲೇ ಬಿತ್ತು. ಎದ್ದು ನಿಂತರೆ, ಮೇಲೆ ಹೋದಂತೆ ಕಿರಿದಾಗುವ ಗೋಡೆ ಎರಡೂ ಭುಜಕ್ಕೆ ತಾಗುತ್ತಿತ್ತು. ಇಳಿಬಿಸಿಲಿಗೆ ಇಟ್ಟಂಗಿ ಕಾದು ತಂಪೆಲ್ಲ ಹೋಯಿತು. ಧೂಳಿಗೆ ಕೆಮ್ಮು ಬಂತು, ಹೆದರಿಕೆಗೆ ಲಂಗ ಒದ್ದೆಯಾಯಿತು. ನಾಳೆಯಿಂದ ಊರೆಲ್ಲ ಬಂದು ಕೈಮುಗಿಯುತ್ತದೆ, ನಾನು ಹಿಂದೆ ಕೂತೇ ಇರುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎನಿಸಿತು. ಒಂದು ಇಟ್ಟಂಗಿ ಚೂರು ಹಿಡಿದು ಬಡಿಯತೊಡಗಿದೆ. ಬೆರಳು ಸುಲಿದರೂ ಬಿಡಲಿಲ್ಲ.

ಮೂರ್ತಿಯ ಅಂಚಿಗೆ ಸಿಮೆಂಟು ಮೆತ್ತುತ್ತಿದ್ದ ಹುಸೇನಸಾಬನ ಅಂಗೈಗೆ ಆ ಬಡಿತ ತಾಗಿತಂತೆ. ಮೈಕು ನಿಂತಿತು.

"ಯಾರದು ಒಳಗ?"

"ನಾ, ಮಾಮಾ. ಶಾಂತಿ."

ಕೆಳಗೆ ಗದ್ದಲ ಎದ್ದಿತು. ಊರ ಗೌಡರ ದನಿ ಕೇಳಿಸಿತು: "ಹಿಂದಿನ ಗ್ವಾಡಿ ಒಡಿಯಪಾ. ತಾಯೀನ ಮುಟ್ಟಬ್ಯಾಡ."

"ಹಿಂದ ಒಡದ್ರ ಇಟ್ಟಂಗಿ ಕೂಸಿನ ಮ್ಯಾಲ ಬೀಳ್ತಾವ್ರಿ ಗೌಡ್ರ. ಮೂರ್ತಿ ಸರಳಿಗೆ ಬಿಗದೇನ್ರಿ, ಲಗೂನ ಬಿಚ್ಚಾಕ ಬರೂದಿಲ್ರಿ, ಅಷ್ಟರಾಗ ಕೂಸಿಗೆ ಉಸಿರು ಕಟ್ಟತೈತ್ರಿ."

"ಅಂದ್ರ ದೇವೀನ ಒಡೀತಿ ಏನ ಸಾಬಾ?" ಎಂದು ಯಾರೋ ಕೂಗಿದರು.

ನಾನು ಕತ್ತಲಲ್ಲಿ ಮತ್ತೆ ಬಡಿಯತೊಡಗಿದೆ. ಕೊನೆಗೆ ನಮ್ಮವ್ವ ಚೀರಿದಳು: "ಒಡಿ ಯಣ್ಣಾ, ಒಡಿ!"

ಗೌಡರು ಬೇಡವೆನ್ನಲಿಲ್ಲ.

"ಮೂಲ್ಯಾಗ ಸರದು ಮುಖಾ ಮುಚ್ಚಿಕೋ, ನನ್ನವ್ವಾ," ಎಂದ ಹುಸೇನಸಾಬ. ಸುತ್ತಿಗೆ ಬಿತ್ತು. ಐದೋ ಆರೋ ಏಟಿಗೆ ಬೆಳಕು ಒಳಗೆ ಬಂತು. ದೇವಿಯ ಒಡೆದ ಮಡಿಲಿನಿಂದಲೇ ನನ್ನನ್ನು ಹೊರಗೆಳೆದ. ಅವನ ಧೂಳು ಮೆತ್ತಿದ ಕೆನ್ನೆಯಲ್ಲಿ ಕಣ್ಣೀರಿನ ಗೆರೆ ಇಳಿದಿತ್ತು. ನನ್ನನ್ನು ಅವ್ವನ ಕೈಗೆ ಕೊಟ್ಟು ಮತ್ತೆ ಮೇಲೇರಿ, ಒಡೆದ ಚೂರುಗಳನ್ನೆಲ್ಲ ಒಂದೂ ನೆಲಕ್ಕೆ ಬೀಳದಂತೆ ತನ್ನ ಟವೆಲಿನಲ್ಲಿ ಕಟ್ಟಿಕೊಂಡ.

ಮೂರ್ತಿಯನ್ನು ಅವನೇ ಮತ್ತೆ ಮಾಡಿದ. ಕಳಸ ಏರಿಸಿದ ದಿನ ಗೌಡರು ಎಲ್ಲರೆದುರು ಅವನಿಗೆ ರುಮಾಲು ಸುತ್ತಿದರು.

ಇಂದಿಗೂ ಲಿಫ್ಟಿನ ಬಾಗಿಲು ಮುಚ್ಚಿದರೆ ನನ್ನ ಉಸಿರು ಕಟ್ಟುತ್ತದೆ. ಹುಸೇನಸಾಬ ತೀರಿಕೊಂಡು ವರ್ಷಗಳಾದವು. ಈಚೆಗೆ ಊರಿಗೆ ಹೋದಾಗ, ಗುಡಿಯ ಕೆಲಸ ನೋಡಿಕೊಳ್ಳುವ ಹುಡುಗರು ಶಿಖರ ಬಿರುಕು ಬಿಟ್ಟಿದೆ ಎಂದರು. ಹುಸೇನಸಾಬನ ಮಗ ಒಳ್ಳೆಯ ಗೌಂಡಿ, ಅವನನ್ನೇ ಕರೆಸಿರಿ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈಗ ಅದೆಲ್ಲಾ ನಡಿಯೂದಿಲ್ಲಕ್ಕಾ," ಎಂದ ಒಬ್ಬ, ಮೆತ್ತಗೆ.

ದ್ಯಾಮವ್ವನ ಮೇಲೆ ಸುತ್ತಿಗೆ ಎತ್ತಿದವನನ್ನು ನಂಬಿ ಇಡೀ ಊರು ಕೆಳಗೆ ಸುಮ್ಮನೆ ನಿಂತಿತ್ತು, ಅದಕ್ಕೇ ನಾನು ಬದುಕಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗ ಬೇರೆ ಗೌಂಡಿಗೆ ಫೋನ್ ಹಚ್ಚಿದ್ದ.