ಉಳ್ಳೂರಿನಿಂದ ಬರುವ ಫೋನು

ಬದುಕಿದ್ದೀರಾ ಎಂದು ಕೇಳುವುದು ದಾಕ್ಷಾಯಣಿಯ ನೌಕರಿ. ಹಾಗೆಂದು ನೇರವಾಗಿ ಕೇಳಲಾದೀತೇ? ಮಳೆ, ಮದುವೆ, ಮೀನಿನ ರೇಟು ಎಲ್ಲವನ್ನೂ ಸುತ್ತಿ ಬಂದು ಕೊನೆಗೆ ಕೇಳುತ್ತಿದ್ದಳು. ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದರಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡು ಹೋದವರಲ್ಲಿ ಕಾಸರಗೋಡಿನ ಕನ್ನಡದವರೂ ಇದ್ದರು. ಮಲಯಾಳದಲ್ಲಿ ವಿಚಾರಿಸಿದರೆ ಅವರು ಹೂಂ ಎಂದು ಫೋನಿಟ್ಟುಬಿಡುತ್ತಾರೆಂದು, ಅದೇ ಸೀಮೆಯ ಬದಿಯಡ್ಕದಿಂದ ಮದುವೆಯಾಗಿ ಬಂದಿದ್ದ ಇವಳನ್ನು ೨೦೦೪ರಲ್ಲಿ ತೆಗೆದುಕೊಂಡರು. ಎರಡು ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಫೋನು. ಮನೆಯಲ್ಲಿ ಮಗ ಅಮ್ಮನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರಿಸುತ್ತಿದ್ದ. ಬಾಯ್ತುಂಬ ಕನ್ನಡ ಆಡಲು ಅವಳಿಗೆ ಸಿಗುತ್ತಿದ್ದುದು ಈ ಫೋನಿನಲ್ಲಿ ಮಾತ್ರ.

ಅವಳು ತಂದ ಉತ್ತರಗಳು ಎರ್ನಾಕುಲಕ್ಕೆ ಹೋಗುತ್ತಿದ್ದವು. ಅಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ಮೈಸೂರಿನ ಕೌಶಿಕ್ ಅವುಗಳಿಂದ ನಕ್ಷೆ ಬಿಡಿಸುತ್ತಿದ್ದ. ನಿಂತುಹೋದ ಯಂತ್ರದ ಆಯುಸ್ಸು ಗೊತ್ತಾಗುತ್ತದೆ. ಇನ್ನೂ ನಡೆಯುತ್ತಿರುವುದರದ್ದು ‘ಇಲ್ಲಿಯವರೆಗಂತೂ ನಡೆದಿದೆ’ ಎಂದಷ್ಟೇ ಗೊತ್ತು. ಎರಡನ್ನೂ ಲೆಕ್ಕಕ್ಕೆ ಹಿಡಿದು, ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಯಂತ್ರಗಳ ಒಂದೊಂದು ಲಾಟಿಗೂ ಒಂದೊಂದು ಚುಕ್ಕಿ. ಚುಕ್ಕಿ ಕೆಳಗಿನ ಗೆರೆ ದಾಟಿತೆಂದರೆ ಆ ಲಾಟಿನಲ್ಲೇ ಏನೋ ಕೆಟ್ಟಿದೆ ಎಂದು ಅರ್ಥ.

೨೦೦೭ರ ಓಣಂ ರಜೆಯಲ್ಲಿ ಕೌಶಿಕ್ ಫೋನ್ ಮಾಡಿದ.

“ಮೇಡಂ, ಒಂದು ಲಾಟು ಗೆರೆ ಹತ್ರಾನೇ ಬಂದು ನಿಂತಿದೆ. ಇನ್ನೊಂದು ಮೆಷಿನ್ ನಿಂತಿದ್ರೂ ದಾಟತ್ತೆ. ದಾಟಿದ್ರೆ ಮಿಕ್ಕೋರ್ನೆಲ್ಲ ಕರೆಸಿ ಬದಲಾಯಿಸ್ತಾರೆ. ಅದೇ ಲಾಟಿನ ಮೆಷಿನ್ ಇರೋ ಜೀವಿತಾ ಅನ್ನೋ ಹುಡುಗಿ ಹುಷಾರಾಗಿದ್ದಾಳೆ ತಾನೆ? ಚೆಕಪ್‌ಗೆ ಬಂದೇ ಇಲ್ಲ.”

“ಇದ್ದಾಳಲ್ಲ, ಕಾಲೇಜಿಗೆ ಹೋಗ್ತಿದ್ದಾಳೆ” ಎಂದಳು ದಾಕ್ಷಾಯಣಿ. ಹುಡುಗಿಯ ತಾಯಿ, ಪೆರ್ಲದ ಕುಸುಮಾವತಿ, ಪ್ರತಿಸಲ ಹೇಳುತ್ತಿದ್ದುದು ಅದನ್ನೇ. ಮೊನ್ನೆಯೂ, ಕಾಲೇಜಿಗೆ ಹೋಗಿದ್ದಾಳೆ ಎಂದಿದ್ದಳು. ಫೋನಿಟ್ಟ ಮೇಲೆ ದಾಕ್ಷಾಯಣಿಗೆ ಹೊಳೆಯಿತು. ಮೊನ್ನೆ ಯಾವ ಕಾಲೇಜು? ಊರಿಗೆಲ್ಲ ರಜೆ.

ಮತ್ತೆ ಪೆರ್ಲಕ್ಕೆ ಫೋನ್ ಮಾಡಲೇಬೇಕಿತ್ತು. ಸುಳ್ಳಿನಲ್ಲಾದರೂ ಬದುಕಿದ್ದವಳನ್ನು ಹೆತ್ತವಳ ಬಾಯಿಂದಲೇ ಸಾಯಿಸಬೇಕು. ಕೇಳದೆ ಬಿಟ್ಟರೆ ಸಾಯುವುದು ಇನ್ಯಾರದೋ ಮಗು. ಇಂಥ ಕೆಲಸ ಶತ್ರುವಿಗೂ ಬೇಡ ಎನಿಸಿತು ಅವಳಿಗೆ.

“ಕುಸುಮಕ್ಕ, ಜೀವಿತಾನ ಕೈಯಲ್ಲಿ ಒಮ್ಮೆ ಫೋನ್ ಕೊಡ್ತೀರಾ?”

“ಕಾಲೇಜಿಗೆ ಹೋಗಿದ್ದಾಳಲ್ಲ” ಎಂದಳು ಕುಸುಮಾವತಿ.

“ಅಂಥದ್ದೇ ಮೆಷಿನ್ ಬೇರೆ ಮಕ್ಕಳ ಎದೆಯಲ್ಲೂ ಉಂಟು, ಕುಸುಮಕ್ಕ. ನೀವು ಹೇಳಿದ್ರೆ ಅವರಾದ್ರೂ ಉಳೀತಾರೆ.”

“ಏಪ್ರಿಲಿನಲ್ಲೇ, ವಿಷುವಿನ ಮರುದಿನ ಹೋದ್ಲು” ಎಂದಳು ಕುಸುಮಾವತಿ. “ಬಟ್ಟೆ ಒಣಗ್ಲಿಕ್ಕೆ ಹಾಕ್ತಾ ಇದ್ಲು. ಅಲ್ಲೇ ಬಿದ್ಲು. ಬರ್ಕೊಳ್ಳಿ.”

ದಾಕ್ಷಾಯಣಿ ಬರೆದುಕೊಂಡಳು. ಕಣ್ಣು ಮಂಜಾಗಿ ಅಕ್ಷರ ಕಾಣಿಸುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳುವಷ್ಟು ಕಲ್ಲು ಮನಸ್ಸು ಅವಳದಲ್ಲ. ಕುಸುಮಾವತಿ ತಾನಾಗಿಯೇ ಹೇಳಿದಳು.

“ತೀರಿಹೋದವರ ಮನೆಗೆ ಪುನಃ ಫೋನ್ ಮಾಡ್ಲಿಕ್ಕಿಲ್ಲ ಅಂತ ನೀವೇ ಒಮ್ಮೆ ಹೇಳಿದ್ದು. ಇಲ್ಲಿ ಅವಳ ಹೆಸರು ಯಾರೂ ಎತ್ತುದಿಲ್ಲ, ನಾನು ಅಳ್ತೇನೆ ಅಂತ. ಜೀವಿತಾ ಹೇಗಿದ್ದಾಳೆ ಅಂತ ಕೇಳುವವರು ನೀವೊಬ್ರೇ ಇದ್ದದ್ದು.”