ತಗಡಿನ ಖೋಲಿಯ ಲೆಕ್ಕ

ಹುನಗುಂದದ ಹೊರಗಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಹೇಶ್ವರಿ ವಿಜ್ಞಾನ ಕಲಿಸುತ್ತಿದ್ದಳು. ಇಳಕಲ್ಲಿನ ನೇಕಾರರ ಮಗಳು. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಮೆಲ್ಲಗೆ ಮಾತಾಡುವ ರೂಢಿಯೇ ಇರಲಿಲ್ಲ. ಎಂಟನೆಯ ತರಗತಿಯ ಒಂದು ವಿಭಾಗ ಗಟ್ಟಿ ಕಟ್ಟಡದಲ್ಲಿತ್ತು, ಇನ್ನೊಂದು ತಗಡಿನ ಖೋಲಿಯಲ್ಲಿ.

ಮಾರ್ಚಿನ ಒಂದು ಮಧ್ಯಾಹ್ನ ಆ ತಗಡಿನಡಿ ಸುಮಾ ಎಂಬ ಹುಡುಗಿ ಎಚ್ಚರ ತಪ್ಪಿ ಬಿದ್ದಳು.

"ಮುಂಜಾನೆ ಏನೂ ತಿಂದ ಬಂದಿರೂದಿಲ್ಲ" ಎಂದರು ಸಂಸ್ಥೆಯ ಅಧ್ಯಕ್ಷ ಶಿವಸಂಗಪ್ಪ.

ರೊಟ್ಟಿ ತಿಂದೇ ಬಂದಿದ್ದೇನೆಂದು ಹುಡುಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಹೇಶ್ವರಿಗೆ ರೇಗಿತು. ಎರಡೂ ಖೋಲಿಗಳಲ್ಲಿ ಉಷ್ಣಮಾಪಕ ತೂಗುಹಾಕಿದಳು. ಎರಡೂ ಕಡೆ ಮುಂಜಾನೆಯೊಮ್ಮೆ, ಊಟದ ನಂತರ ಒಮ್ಮೆ ಒಂದೇ ಬಗೆಯ ಲೆಕ್ಕ ಕೊಟ್ಟಳು. ತಗಡಿನಡಿ ಕೂತವರು ಮುಂಜಾನೆ ಸಲೀಸಾಗಿ ಬಿಡಿಸಿದ್ದನ್ನೇ ಮಧ್ಯಾಹ್ನ ತಪ್ಪುತ್ತಿದ್ದರು. ಮಕ್ಕಳನ್ನು ಖೋಲಿ ಅದಲುಬದಲು ಮಾಡಿ ನೋಡಿದಳು. ತಪ್ಪುಗಳೂ ಅದಲುಬದಲಾದವು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದವಳಿಗೆ, ಅದು ಮಕ್ಕಳ ತಲೆಯೊಳಗೇ ಇಳಿದಿರುವುದು ಕಂಡು ಸಂಕಟವಾಯಿತು.

ಜಿಲ್ಲಾಕೇಂದ್ರದ ನವನಗರದಲ್ಲಿ ಶಿಕ್ಷಕರ ಸಂಶೋಧನೆಗಳ ವಿಚಾರಸಂಕಿರಣವಿತ್ತು. ಅಲ್ಲಿ ಓದಲು ಅವಳು ಪ್ರಬಂಧ ಸಿದ್ಧಪಡಿಸಿದ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು.

"ತಗಡಿನ ಮಾತ ಬಿಡ್ರಿ ಟೀಚರ. ಮೊಬೈಲ್ ಹುಚ್ಚಿನಿಂದ ಹುಡುಗರಿಗೆ ಲಕ್ಷ್ಯ ಇಲ್ಲ ಅಂತ ಬರೀರಿ."

"ಮೊಬೈಲ್ ಎರಡೂ ಖೋಲಿ ಹುಡುಗರ ಮನ್ಯಾಗ ಅದಾವರಿ. ಬ್ಯಾರೆ ಇರೂದು ತಲಿ ಮ್ಯಾಲಿನ ಮಾಳಗಿ ಅಷ್ಟ."

"ಸಾಲಿ ಮರ್ಯಾದಿ ಹೋಗ್ತದ."

"ಹುಡುಗಿ ಬಿದ್ದಾಗ ಹೋಗಲಿಲ್ಲೇನ್ರಿ?"

ಪ್ರಬಂಧವನ್ನು ಒಂದಕ್ಷರ ಬದಲಿಸದೆ ಓದಿದಳು. ಸಭೆಯಲ್ಲಿ ಯಾರೋ, ಇದು ಯಾವ ಶಾಲೆ ಎಂದು ಕೇಳಿದರು. "ನಾ ಕಲಸೂ ಸಾಲಿ" ಎಂದಳು.

ಮರಳಿ ಬಂದಾಗ ತಗಡಿನ ಖೋಲಿಯ ಉಷ್ಣಮಾಪಕವನ್ನು ಯಾರೋ ಕಿತ್ತುಹಾಕಿದ್ದರು. ಊಟದ ಗಂಟೆ ಮುಗಿದ ಮೇಲೆ ಮಹೇಶ್ವರಿ ಆ ಖೋಲಿಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಅಧ್ಯಕ್ಷರ ಕಚೇರಿಗೆ ಹೋದಳು. ಅಲ್ಲಿ ಕೂಲರ್ ತಿರುಗುತ್ತಿತ್ತು. ಮಕ್ಕಳನ್ನು ನೆಲದ ಮೇಲೆ ಕೂರಿಸಿ ಪಾಠ ಶುರುಮಾಡಿದಳು.

"ಇದು ಕ್ಲಾಸ್ ಅಲ್ಲರಿ" ಎಂದರು ಶಿವಸಂಗಪ್ಪ.

"ಮ್ಯಾಲೆ ತಗಡ ಇರೂ ಆ ಖೋಲಿನೂ ಕ್ಲಾಸ್ ಅಲ್ಲರಿ. ಪಾಠ ಮುಗೀಲಿ, ಎದ್ದು ಹೋಗ್ತೇವಿ."

ಮರುದಿನವೂ ಹಾಗೆಯೇ ಮಾಡಿದಳು. ಅದರ ಮರುದಿನ ಅಧ್ಯಕ್ಷರು ಅವಳನ್ನು ಗೇಟಿನಲ್ಲೇ ತಡೆಸಿ, ಇನ್ನು ಬರಬೇಡಿ ಎಂದು ಹೇಳಿಸಿದರು.

ಮಹೇಶ್ವರಿ ಮನೆಗೆ ಹೋಗದೆ ನೇರವಾಗಿ ಸುಮಾಳ ತಾಯಿ ಚಂದ್ರವ್ವನ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಚಂದ್ರವ್ವ ಓಣಿಯ ತಾಯಂದಿರನ್ನು ಕೂಡಿಸಿಕೊಂಡು ಶಾಲೆಗೆ ಬಂದು, ಕಚೇರಿಯ ಬಾಗಿಲಲ್ಲಿ ಕೂತುಬಿಟ್ಟಳು. "ಖೋಲಿ ತಂಪ ಆಗೂತನಕ ನಾವು ಇಲ್ಲೇ" ಎಂದಳು.

ವಾರ ಕಳೆಯುವುದರೊಳಗೆ ತಗಡಿಗೆ ಸುಣ್ಣ ಬಿತ್ತು, ಅದರ ಮೇಲೆ ಜೋಳದ ಒಣ ದಂಟಿನ ಕಣಿಕೆಯ ಹೊದಿಕೆ ಬಂತು. ಬೇಸಿಗೆಯಲ್ಲಿ ಶಾಲೆ ಮುಂಜಾನೆಯಷ್ಟೇ ನಡೆಯಿತು. ಮಹೇಶ್ವರಿಯನ್ನು ಮಾತ್ರ ಮರಳಿ ಕರೆಯಲಿಲ್ಲ. ಕ್ಷಮೆ ಕೇಳಿದರೆ ನೋಡೋಣ ಎಂದು ಹೇಳಿಕಳಿಸಿದ್ದರು. ಅವಳು ಬೇರೆ ಶಾಲೆಗಳಿಗೆ ಅರ್ಜಿ ಹಾಕಿದಳು.

ಜೂನಿನಲ್ಲಿ ಬಾದಾಮಿಯ ಒಂದು ಶಾಲೆ ಸಂದರ್ಶನಕ್ಕೆ ಕರೆಯಿತು. "ಹಿಂದಿನ ಸಾಲ್ಯಾಗ ಭಾಳ ಜಗಳ ಮಾಡೀರಂತ" ಎಂದರು ಅಲ್ಲಿಯ ಮುಖ್ಯಗುರುಗಳು.

"ಖರೆ ಐತ್ರಿ" ಎಂದಳು ಮಹೇಶ್ವರಿ. "ಮೊದಲ ಹುಡುಗರು ಕೂಡೂ ಖೋಲಿ ತೋರಸ್ರಿ, ಆಮ್ಯಾಲೆ ಮಾತಾಡೂಣು."